ಕೊನೆಯ ಕೈ

ರಾಜರ ಇತಿಹಾಸವನ್ನು ಬರೆದವರು ಅನೇಕರು. ಯುದ್ಧಗಳ ಇತಿಹಾಸವನ್ನು ಬರೆದವರಿಗೂ ಕೊರತೆಯಿಲ್ಲ. ತಪ್ಪುಗಳ ಇತಿಹಾಸವನ್ನು ಬರೆಯುವ ಗೋಜಿಗೆ ಹೋದವರು ಮಾತ್ರ ತೀರ ವಿರಳ. ತಪ್ಪು ಮಾಡಿದವರು ಹೇಳಿಕೊಳ್ಳುವುದಿಲ್ಲ. ಅದರ ಫಲವನ್ನು ಉಂಡವರು ಕೆಲವೊಮ್ಮೆ ಹೇಳಲು ಉಳಿದಿರುವುದೇ ಇಲ್ಲ. ಆಸ್ಪತ್ರೆಗಳಲ್ಲಿ ದಾದಿಯರ ಕೈಯಿಂದ ಆಗುವ ಔಷಧದ ತಪ್ಪುಗಳ ವೃತ್ತಾಂತ ಇಂಥದೊಂದು. ಅದನ್ನು ಓದುತ್ತ ಹೋದಷ್ಟೂ, ಇದು ದಾದಿಯರೊಬ್ಬರದೇ ಕಥೆಯಲ್ಲ ಎಂಬ ಭಾವನೆ ನನ್ನಲ್ಲಿ ಬಲವಾಗಿದೆ.

ಔಷಧವನ್ನು ಬರೆದುಕೊಡುವವರು ವೈದ್ಯರು, ಕಟ್ಟಿಕೊಡುವವರು ಔಷಧಶಾಲೆಯವರು, ರೋಗಿಯ ಬಾಯಿಗೋ ರಕ್ತನಾಳಕ್ಕೋ ಅದನ್ನು ಸೇರಿಸುವವಳು ದಾದಿ. ಮೊದಲಿನ ಇಬ್ಬರು ಎಡವಿದರೆ ಹಿಡಿದು ನಿಲ್ಲಿಸಲು ಮುಂದೆ ಇನ್ನೊಬ್ಬರಿದ್ದಾರೆ. ದಾದಿ ಎಡವಿದರೆ ಯಾರೂ ಇಲ್ಲ. ಅವಳದು ಕೊನೆಯ ಕೈ. ಆದ್ದರಿಂದಲೇ ದೂರು ಮೊದಲು ಬೀಳುವುದೂ ಅವಳ ಮೇಲೆಯೇ.

ಫ್ಲಾರೆನ್ಸ್ ನೈಟಿಂಗೇಲ್ ಅವರ ಹೆಸರಿನ ದಾದಿಯರ ಶಾಲೆ ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ಪ್ರಾರಂಭವಾದದ್ದು 1860ರಲ್ಲಿ. ಆ ಸುಮಾರಿಗೆ ಹೊರಬಂದ ಶುಶ್ರೂಷೆಯ ಪುಸ್ತಕದಲ್ಲಿ ಆಕೆ ಒಂದು ಸ್ವಾರಸ್ಯವಾದ ಮಾತನ್ನು ಹೇಳುತ್ತಾರೆ. ಹಳೆಯ ಕಾಲದ ಕೆಲವು ದಾದಿಯರು ಔಷಧವನ್ನು ಕಣ್ಣಳತೆಯಿಂದಲೇ, ಅಳತೆಯ ಗಾಜಿಗೆ ಸರಿಸಾಟಿಯಾಗಿ ಬಗ್ಗಿಸಿಕೊಡುತ್ತಿದ್ದುದನ್ನು ಅವರು ಬಲ್ಲರಂತೆ. ಆದರೂ ಅದನ್ನು ತಾವು ಶಿಫಾರಸು ಮಾಡುವುದಿಲ್ಲವಂತೆ. ಕೈ ಎಷ್ಟೇ ಪಳಗಿದ್ದರೂ ಅದನ್ನೇ ನೆಚ್ಚಬಾರದೆಂಬ ವಿವೇಕ ಇದು. ನಮ್ಮ ಊರುಗಳ ದವಾಖಾನೆಗಳಲ್ಲಿ ಕಾಂಪೌಂಡರು ಔಷಧದ ಸೀಸೆಗೆ ಹಲ್ಲುಹಲ್ಲಾಗಿ ಕತ್ತರಿಸಿದ ಕಾಗದದ ಪಟ್ಟಿಯನ್ನು ಅಂಟಿಸಿಕೊಡುತ್ತಿದ್ದುದೂ ಇದೇ ವಿವೇಕದಿಂದ. ನೆನಪನ್ನು ನಂಬಬೇಡ, ಗುರುತನ್ನು ನಂಬು ಎಂಬುದು ಆ ಪಟ್ಟಿಯ ಉಪದೇಶ.

ಆದರೆ ಆಸ್ಪತ್ರೆಗಳು ದೊಡ್ಡವಾದಂತೆ ಈ ಉಪದೇಶ ಹಿಂದೆ ಬಿತ್ತು. ಸರಿಯಾದ ರೋಗಿ, ಸರಿಯಾದ ಔಷಧ, ಸರಿಯಾದ ಪ್ರಮಾಣ, ಸರಿಯಾದ ಮಾರ್ಗ, ಸರಿಯಾದ ವೇಳೆ ಎಂಬ ಐದು ಸೂತ್ರಗಳನ್ನು ದಾದಿಯರಿಗೆ ಬಾಯಿಪಾಠ ಮಾಡಿಸಿದರು. ಸೂತ್ರಗಳೇನೋ ಒಳ್ಳೆಯವೇ. ಅವುಗಳನ್ನು ಪಾಲಿಸಲು ಬೇಕಾದ ಬೆಳಕು, ಬಿಡುವು, ನಿದ್ದೆ ಇವೆಯೇ ಎಂದು ಕೇಳಿದವರು ಕಡಮೆ.

1962ರ ಮಾರ್ಚಿಯಲ್ಲಿ ಅಮೆರಿಕದ ನ್ಯೂಯಾರ್ಕ್ ಸಂಸ್ಥಾನದ ಬಿಂಗ್‌ಹ್ಯಾಮ್ಟನ್ ಎಂಬ ಊರಿನ ಆಸ್ಪತ್ರೆಯಲ್ಲಿ ಹಸುಗೂಸುಗಳು ಒಂದರ ಹಿಂದೆ ಒಂದು ಕಾಯಿಲೆ ಬಿದ್ದವು. ಅವುಗಳ ಹಾಲಿಗೆ ಬೆರೆಸುವ ಸಕ್ಕರೆಯ ಡಬ್ಬಿಯಲ್ಲಿ ಉಪ್ಪು ತುಂಬಿತ್ತು. ಎಳೆಯ ಮೂತ್ರಪಿಂಡಗಳು ಅಷ್ಟು ಉಪ್ಪನ್ನು ಹೊರಹಾಕಲಾರವು. ರಕ್ತದಲ್ಲಿ ಏರಿದ ಉಪ್ಪು ಮಿದುಳಿನ ನೀರನ್ನು ಹೀರಿಬಿಡುತ್ತದೆ. ಆರು ಶಿಶುಗಳು ತೀರಿಕೊಂಡವು. ಅಲ್ಲಿ ಕೊಟ್ಟದ್ದು ಹಾಲು, ಔಷಧವಲ್ಲ, ನಿಜ. ಆದರೂ ಬಿಳಿಯ ಪುಡಿಗಳೆರಡು ಒಂದೇ ತೆರನಾಗಿ ಕಂಡರೆ ಏನಾದೀತೆಂಬುದನ್ನು ಇದಕ್ಕಿಂತ ಕಠೋರವಾಗಿ ಕಲಿಸಿದ ಪಾಠ ಇನ್ನೊಂದಿಲ್ಲ. ಅಡಿಗೆಮನೆಯಲ್ಲಿ ಉಪ್ಪಿನ ಭರಣಿಗೂ ಸಕ್ಕರೆಯ ಡಬ್ಬಿಗೂ ನಮ್ಮ ಗೃಹಿಣಿಯರು ಬೇರೆಬೇರೆ ಜಾಗ ಕೊಟ್ಟಿರುವುದು ಸುಮ್ಮನೆ ಅಲ್ಲ.

ಅದೇ 1962ರಲ್ಲಿ ಫ್ಲಾರಿಡಾ ವಿಶ್ವವಿದ್ಯಾಲಯದ ಕೆನೆತ್ ಬಾರ್ಕರ್ ಮತ್ತು ವಾರನ್ ಮೆಕ್ಕಾನೆಲ್ ಎಂಬ ಇಬ್ಬರು ಒಂದು ಹೊಸ ಕೆಲಸ ಮಾಡಿದರು. ದೂರಿನ ಕಡತಗಳನ್ನು ಓದುತ್ತ ಕೂರದೆ, ದಾದಿಯರು ಔಷಧ ಕೊಡುವುದನ್ನು ಪಕ್ಕದಲ್ಲಿದ್ದು ಗಮನಿಸುವ ಏರ್ಪಾಡು ಮಾಡಿದರು. 100 ಸಲ ಔಷಧ ಕೊಟ್ಟರೆ ಸುಮಾರು 16 ಸಲ ಏನಾದರೊಂದು ತಪ್ಪು ಕಂಡಿತು. ಇಂಥ ತಪ್ಪುಗಳಲ್ಲಿ ಬಹುಪಾಲು ಪ್ರಾಣಾಪಾಯದವಲ್ಲ: ಹೊತ್ತು ಮೀರಿತ್ತು, ಒಂದು ಗುಳಿಗೆ ಮರೆತುಹೋಗಿತ್ತು, ಇತ್ಯಾದಿ. ಕಡತಗಳಲ್ಲಿ ಮಾತ್ರ ಇವುಗಳ ಸುಳಿವೇ ಬಹುಮಟ್ಟಿಗೆ ಇರಲಿಲ್ಲ. 2002ರಲ್ಲಿ ಬಾರ್ಕರ್ ಮತ್ತು ಅವರ ಸಂಗಡಿಗರು 36 ಆಸ್ಪತ್ರೆ ಹಾಗೂ ಶುಶ್ರೂಷಾಲಯಗಳಲ್ಲಿ ಮತ್ತೆ ಹೋಲಿಸಿ ನೋಡಿದಾಗ, ಖಚಿತವಾದ 457 ತಪ್ಪುಗಳಲ್ಲಿ ವರದಿಯ ಮೂಲಕ ಹೊರಬಂದದ್ದು ಒಂದೇ ಒಂದು!

ಮಿಕ್ಕವು ಏಕೆ ಹೊರಬರಲಿಲ್ಲ? ಎಷ್ಟೋ ತಪ್ಪುಗಳು ಮಾಡಿದವರಿಗೇ ತಿಳಿದಿರುವುದಿಲ್ಲ. ತಿಳಿದವರ ಬಾಯನ್ನು ಭಯ ಕಟ್ಟುತ್ತದೆ. ಹೇಳಿಕೊಂಡವಳಿಗೆ ದಂಡನೆ, ಮುಚ್ಚಿಟ್ಟವಳಿಗೆ ಕ್ಷೇಮ ಎಂದಾದ ಕಡೆ ಸತ್ಯ ಹೊರಗೆ ಬರುವುದಾದರೂ ಹೇಗೆ?

ದಾರಿ ತೋರಿದವರು ಗದರಿಸುವುದನ್ನು ಬಿಟ್ಟು ವ್ಯವಸ್ಥೆಗೆ ಕೈಹಾಕಿದವರು. 1960ರ ದಶಕದಲ್ಲಿ ಆರ್ಕನ್ಸಾ, ಅಯೋವಾ ಮೊದಲಾದ ಕಡೆಗಳಲ್ಲಿ, ಒಂದೊಂದು ಸಲದ ಔಷಧವನ್ನೂ ಔಷಧಶಾಲೆಯಲ್ಲೇ ಬೇರೆಬೇರೆ ಪೊಟ್ಟಣ ಕಟ್ಟಿ, ಹೆಸರು ಬರೆದು ವಾರ್ಡಿಗೆ ಕಳಿಸುವ ಪದ್ಧತಿ ಹುಟ್ಟಿತು. ದೊಡ್ಡ ಸೀಸೆಗಳಿಂದ ಅಳೆದುಕೊಳ್ಳುವ ಕಷ್ಟ ತಪ್ಪಿತು. 1998ರಲ್ಲಿ ಅಮೆರಿಕದ ಆಸ್ಪತ್ರೆಗಳಿಗೆ ಮಾನ್ಯತೆ ಕೊಡುವ ಜಾಯಿಂಟ್ ಕಮಿಷನ್, ಗಟ್ಟಿ ಪೊಟ್ಯಾಸಿಯಂ ಕ್ಲೋರೈಡಿನ ಸೀಸೆಗಳನ್ನು ವಾರ್ಡಿನಿಂದಲೇ ತೆಗೆದುಬಿಡಿ ಎಂದು ಸಲಹೆ ಮಾಡಿತು. ಅದನ್ನು ನೇರವಾಗಿ ರಕ್ತಕ್ಕೆ ಹರಿಸಿದ್ದರಿಂದ ಸಂಭವಿಸಿದ 8 ಸಾವುಗಳ ಪೈಕಿ 6ರಲ್ಲಿ ಆ ಸೀಸೆಯನ್ನು ಬೇರೊಂದು ಔಷಧವೆಂದು ಭ್ರಮಿಸಲಾಗಿತ್ತು. ಮತ್ತೆ ಅದೇ ಉಪ್ಪು, ಅದೇ ಹೋಲಿಕೆ! ಕ್ಯಾನ್ಸಸ್ ಸಂಸ್ಥಾನದ ಟೊಪೀಕದ ಸೂ ಕಿನ್ನಿಕ್ ಎಂಬ ದಾದಿ 1992ರಲ್ಲಿ ಬಾಡಿಗೆಯ ಕಾರನ್ನು ಹಿಂದಿರುಗಿಸುವಾಗ, ಅಲ್ಲಿಯವನು ಒಂದು ಕಡ್ಡಿಯಂಥ ಯಂತ್ರದಿಂದ ಕಾರಿನ ಗೆರೆಗುರುತನ್ನು ಓದುವುದನ್ನು ನೋಡಿದರು. ಕಾರಿಗೆ ಸಲ್ಲುವ ಈ ಎಚ್ಚರ ರೋಗಿಗೆ ಏಕೆ ಸಲ್ಲಬಾರದು ಎಂದು ಅವರಿಗೆ ಹೊಳೆಯಿತು. ರೋಗಿಯ ಮಣಿಕಟ್ಟಿನ ಪಟ್ಟಿಗೂ ಔಷಧದ ಪೊಟ್ಟಣಕ್ಕೂ ತಾಳೆ ನೋಡುವ ಯಂತ್ರ ಆ ದೇಶದ ಮಾಜಿ ಸೈನಿಕರ ಆಸ್ಪತ್ರೆಗಳಿಗೆ ಬಂದದ್ದು ಹೀಗೆ. ಕೊನೆಯ ಕೈಗೆ ಆಸರೆ ಹುಡುಕಿದ್ದೂ ಕೊನೆಯ ಕೈಯೇ.

ಯಂತ್ರ ಬಂದೊಡನೆ ಕಥೆ ಮುಗಿಯಿತೆನ್ನುವಂತಿಲ್ಲ. 2017ರ ಡಿಸೆಂಬರಿನಲ್ಲಿ ಟೆನ್ನೆಸಿಯ ನ್ಯಾಶ್‌ವಿಲ್ಲಿನಲ್ಲಿ ಒಬ್ಬ ದಾದಿ ಯಂತ್ರದ ಬೀರುವಿನಲ್ಲಿ ಔಷಧದ ಹೆಸರಿನ ಎರಡು ಅಕ್ಷರ ಒತ್ತಿ, ಆತಂಕ ಕಳೆಯುವ ಮದ್ದಿಗೆ ಬದಲಾಗಿ ಸ್ನಾಯುಗಳನ್ನೇ ಸ್ತಬ್ಧಗೊಳಿಸುವ ಮದ್ದನ್ನು ತೆಗೆದು ಕೊಟ್ಟರು, ರೋಗಿ ಉಳಿಯಲಿಲ್ಲ. ತಪ್ಪನ್ನು ಆಕೆ ತಾವೇ ಒಪ್ಪಿಕೊಂಡರು. 2022ರಲ್ಲಿ ನ್ಯಾಯಾಲಯ ಅವರನ್ನು ಅಪರಾಧಿಯೆಂದು ತೀರ್ಮಾನಿಸಿ, ಸೆರೆಮನೆಗೆ ಕಳಿಸದೆ 3 ವರ್ಷ ನಿಗಾದಲ್ಲಿರಿಸಿತು. ಹಲವು ಎಚ್ಚರಿಕೆಗಳನ್ನು ಆಕೆ ದಾಟಿ ಹೋದದ್ದು ನಿಜ; ಸತ್ತವರ ಕಡೆಯವರಿಗೆ ನ್ಯಾಯ ಬೇಡವೇ ಎಂಬ ಪ್ರಶ್ನೆಯೂ ಹಗುರವಾದದ್ದಲ್ಲ. ಆದರೆ ಆ ತೀರ್ಪನ್ನು ಓದಿದ ಸಾವಿರಾರು ದಾದಿಯರು ನಾಳೆ ತಮ್ಮ ತಪ್ಪನ್ನು ಹೇಳಿಕೊಳ್ಳುವರೇ, ನುಂಗಿಕೊಳ್ಳುವರೇ? ನುಂಗಿಕೊಂಡ ತಪ್ಪಿಗೆ ಇನ್ನೊಬ್ಬ ರೋಗಿ ಬೆಲೆ ತೆರಬೇಕಾಗುತ್ತದೆ. ಬೇಕೆಂದೇ ಮಾಡಿದ ಕೇಡಿಗೆ ಶಿಕ್ಷೆ ಇರಲಿ. ಎಡವಿದ ಕೈಗೆ ಹೇಳಿಕೊಳ್ಳುವ ಧೈರ್ಯ ಬರುವಂತಿರಲಿ ಎಂಬುದು ನನ್ನ ಮತ.

ನಮ್ಮ ಪಾಲಿಗೂ ಒಂದು ಸಣ್ಣ ಕೆಲಸವಿದೆ. ಆಸ್ಪತ್ರೆಯಲ್ಲಿ ದಾದಿ ಮೂರನೆಯ ಸಲ ಬಂದು, "ನಿಮ್ಮ ಹೆಸರೇನು?" ಎಂದು ಕೇಳಿದರೆ ಸಿಡುಕಬಾರದು. ಇಷ್ಟು ಹೊತ್ತಿಗೆ ಗೊತ್ತಿರಬೇಡವೇ ಎಂದು ಮೂದಲಿಸಲೂಬಾರದು. ಹೆಸರನ್ನು ಪೂರ್ತಿಯಾಗಿ ಹೇಳಿ, ಕೊಡುತ್ತಿರುವ ಔಷಧ ಯಾವುದೆಂದು ನಾವೂ ಮೆಲ್ಲಗೆ ಕೇಳಿದರೆ ಇಬ್ಬರಿಗೂ ಕ್ಷೇಮ.