ಎಲ್ಲರಿಗೂ ಒಪ್ಪುವ ಸೀಸೆ

ಅಮೆರಿಕದ ಕೆಂಟಕಿ ಸಂಸ್ಥಾನದ ಲೂಯಿವಿಲ್ ನಗರದಲ್ಲಿ ಉದ್ಯೋಗದಲ್ಲಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಕಳೆದ ನವೆಂಬರಿನಲ್ಲಿ ದೂರವಾಣಿಯಲ್ಲಿ ಮಾತನಾಡುತ್ತ ತನ್ನದೊಂದು ಪೇಚನ್ನು ಹೇಳಿಕೊಂಡ. ಆ ತಿಂಗಳ ನಾಲ್ಕನೆಯ ಗುರುವಾರ ಅಲ್ಲಿಯವರು ಆಚರಿಸುವ ಕೃತಜ್ಞತೆಯ ಹಬ್ಬಕ್ಕೆ ಅವನ ಕಚೇರಿಯ ಹಿರಿಯರೊಬ್ಬರು ಮನೆಗೆ ಊಟಕ್ಕೆ ಕರೆದಿದ್ದರು. ಇಪ್ಪತ್ತು ಮಂದಿ ಸೇರುವ ಕೂಟ. ಬರಿಗೈಯಲ್ಲಿ ಹೋಗುವಂತಿಲ್ಲ; ಆ ಸೀಮೆಯಲ್ಲಿ ಕೈಯಲ್ಲಿ ಹಿಡಿದು ಹೋಗಲು ಬಹುಮಂದಿಗೆ ಮೊದಲು ತೋಚುವುದು ಬೋರ್ಬನ್ ವಿಸ್ಕಿಯ ಸೀಸೆ. "ಸಾರ್, ನಾನಂತೂ ಕುಡಿಯುವವನಲ್ಲ. ಅಂಗಡಿಯಲ್ಲಿ ಗೋಡೆಯುದ್ದಕ್ಕೂ ನೂರು ಬಗೆ ಇಟ್ಟಿದ್ದಾರೆ. ಬಂದವರೆಲ್ಲ ಒಪ್ಪುವಂಥದ್ದು ಯಾವುದು ಸಾರ್?" ಎಂದ. ಷಟ್ಪದಿಯ ಲಕ್ಷಣ ಪಾಠ ಹೇಳಿದವನನ್ನು ಕೇಳಬೇಕಾದ ಪ್ರಶ್ನೆಯೇ ಇದು!

ಆದರೂ ಗೊತ್ತಿಲ್ಲವೆಂದು ಒಪ್ಪಿಕೊಳ್ಳುವುದು ನಮ್ಮ ವೃತ್ತಿಯವರಿಗೆ ಕಷ್ಟ. ಎರಡು ದಿನ ಅವಧಿ ಕೇಳಿ ಪುಸ್ತಕಗಳನ್ನು ತೆರೆದೆ. ರುಚಿಯ ವಿಷಯದಲ್ಲಿ ನಾನು ನಿರಕ್ಷರಿ. ನಮ್ಮಲ್ಲಿ ಬಹುಮಂದಿಯಂತೆ ನನಗೂ ಬೋರ್ಬನ್ ಎಂಬ ಹೆಸರು ಮೊದಲು ಪರಿಚಯವಾದದ್ದು ಚಹದೊಡನೆ ತಿನ್ನುವ ಬಿಸ್ಕತ್ತಿನಿಂದ. ಆದರೆ ಓದುತ್ತ ಹೋದಂತೆ ಒಂದು ಸಂಗತಿ ತಿಳಿಯಿತು. ಬಂದವರೆಲ್ಲ ಮೆಚ್ಚುವಂತೆ ಪಾನೀಯವನ್ನು ಒದಗಿಸುವುದು ಹೇಗೆಂಬ ಚಿಂತೆ ಅಮೆರಿಕನ್ನರಿಗೆ ಅವರ ಗಣರಾಜ್ಯಕ್ಕಿಂತಲೂ ಹಳೆಯದು.

1755ರಲ್ಲಿ ವರ್ಜೀನಿಯದ ಫ್ರೆಡರಿಕ್ ಜಿಲ್ಲೆಯಿಂದ ಶಾಸನಸಭೆಯ ಚುನಾವಣೆಯಲ್ಲಿ ಜಾರ್ಜ್ ವಾಷಿಂಗ್ಟನ್ ಸೋತರು. 1758ರಲ್ಲಿ ಮತ್ತೆ ನಿಂತು ಗೆದ್ದರು. ಎರಡನೆಯ ಸಲ ಅವರು ಸೈನ್ಯದೊಡನೆ ದೂರದ ಕೋಟೆಯಲ್ಲಿದ್ದುದರಿಂದ ಊರಿನಲ್ಲಿ ಸ್ನೇಹಿತರೇ ಅವರ ಪರವಾಗಿ ಮತದಾರರನ್ನು ಸತ್ಕರಿಸಿದರು. ಆ ಲೆಕ್ಕದ ಚೀಟಿ ಉಳಿದು ಬಂದಿದೆ: ರಮ್, ರಮ್ಮಿನ ಪಾನಕ, ದ್ರಾಕ್ಷಾರಸ, ಬೀರು, ಸೇಬಿನ ಮದ್ಯ, ಎಲ್ಲ ಸೇರಿ ನೂರ ನಲವತ್ತಕ್ಕೂ ಮಿಕ್ಕ ಗ್ಯಾಲನ್. ಮತದಾರರಿಗೆ ಹೀಗೆ ಕುಡಿಸಬಾರದೆಂದು ವರ್ಜೀನಿಯದಲ್ಲಿ ಆಗಲೇ ಕಾನೂನಿತ್ತು. ಅದನ್ನು ಲೆಕ್ಕಕ್ಕಿಟ್ಟವರು ಕಡಮೆ. ಅಂದು ಗುಪ್ತ ಮತದಾನವೂ ಇರಲಿಲ್ಲ. ಮತದಾರನು ಎಲ್ಲರೆದುರಿಗೆ ನಿಂತು ತಾನು ಯಾರ ಕಡೆ ಎಂಬುದನ್ನು ಬಾಯಿಬಿಟ್ಟು ಹೇಳಬೇಕಾಗಿತ್ತು. ಹೀಗಿರುವಲ್ಲಿ, ಗೆದ್ದ ವಾಷಿಂಗ್ಟನ್ನರು ಸ್ನೇಹಿತರಿಗೆ ಬರೆದ ಪತ್ರದಲ್ಲಿ ಖರ್ಚು ಹೆಚ್ಚಾಯಿತೆಂದು ಗೊಣಗಲಿಲ್ಲ. ತನ್ನ ವಿರುದ್ಧ ಮತ ಹೇಳಿದವರಿಗೂ ಭೇದವಿಲ್ಲದೆ ಸಾಕಷ್ಟು ಸಿಕ್ಕಿತೆಂದು ನಂಬಿದ್ದೇನೆ, ನೀವು ಕೈಬಿಗಿ ಹಿಡಿದಿರೋ ಏನೋ ಎಂಬುದೊಂದೇ ನನ್ನ ಭಯ ಎಂಬುದು ಆ ಪತ್ರದ ಭಾವ. ಇದನ್ನು ಔದಾರ್ಯವೆನ್ನಬೇಕೋ ಚಾತುರ್ಯವೆನ್ನಬೇಕೋ ವಾಚಕರೇ ನಿರ್ಧರಿಸಲಿ. ಚುನಾವಣೆಯ ಮದ್ಯದ ಕಥೆ ನಮಗೂ ಹೊಸದಲ್ಲ. ಮುಂದೆ ಆ ದೇಶದ ಅಧ್ಯಕ್ಷರಾದ ಜೇಮ್ಸ್ ಮ್ಯಾಡಿಸನ್ನರು 1777ರಲ್ಲಿ ಹೀಗೆ ಕುಡಿಸುವುದು ಗಣರಾಜ್ಯಕ್ಕೆ ತಕ್ಕುದಲ್ಲವೆಂದು ಕೈಕಟ್ಟಿ ಕುಳಿತು, ಹೆಂಡದಂಗಡಿಯವನೊಬ್ಬನಿಗೆ ಸೋತರು.

ವಾಷಿಂಗ್ಟನ್ನರ ಆ ಪಟ್ಟಿಯಲ್ಲಿ ವಿಸ್ಕಿ ಇಲ್ಲವೆಂಬುದನ್ನು ಗಮನಿಸಬೇಕು. ಆಗ ಜನಸಾಮಾನ್ಯರ ಮದ್ಯ ರಮ್. ಅದಕ್ಕೆ ಬೇಕಾದ ಕಾಕಂಬಿ ಕೆರೀಬಿಯನ್ ದ್ವೀಪಗಳಿಂದ ಹಡಗಿನಲ್ಲಿ ಬರಬೇಕು. ಸ್ವಾತಂತ್ರ್ಯ ಯುದ್ಧ ಈ ಹಾದಿಗೆ ಅಡ್ಡಿಯಾಯಿತು. ಇತ್ತ ಅಪಲೇಚಿಯನ್ ಬೆಟ್ಟಸಾಲನ್ನು ದಾಟಿ ಪಶ್ಚಿಮಕ್ಕೆ ಹೋಗಿ ನೆಲಸಿದ ರೈತರಲ್ಲಿ ಮುಸುಕಿನ ಜೋಳ ರಾಶಿರಾಶಿಯಾಗಿ ಬೆಳೆಯುತ್ತಿತ್ತು. ಬೆಳೆದದ್ದನ್ನು ಪೇಟೆಗೆ ಸಾಗಿಸುವುದೇ ಕಷ್ಟ. ಹೇರುಕುದುರೆಯೊಂದು ನಾಲ್ಕು ಬುಷೆಲ್ ಧಾನ್ಯವನ್ನಷ್ಟೇ ಹೊರಬಲ್ಲದು. ಅದೇ ಧಾನ್ಯವನ್ನು ಬಟ್ಟಿಯಿಳಿಸಿದರೆ ಸುಮಾರು ಇಪ್ಪತ್ತನಾಲ್ಕು ಬುಷೆಲಿನ ಸಾರವನ್ನು ಹೊತ್ತು ನಡೆಯುತ್ತದೆ. ವಿಸ್ಕಿ ಆ ರೈತರಿಗೆ ಮೋಜಿನ ಪದಾರ್ಥವಾಗಿರುವುದರ ಜೊತೆಗೆ ನಾಣ್ಯವೂ ಆಗಿತ್ತು. ಆದ್ದರಿಂದಲೇ 1791ರಲ್ಲಿ ಹೊಸ ಸರ್ಕಾರ ಅದರ ಮೇಲೆ ಸುಂಕ ಹಾಕಿದಾಗ ಅವರು ಕೆರಳಿದರು. 1794ರಲ್ಲಿ ಪಶ್ಚಿಮ ಪೆನ್ಸಿಲ್ವೇನಿಯದಲ್ಲಿ ದಂಗೆಯೆದ್ದರು. ಅದನ್ನಡಗಿಸಲು ಹದಿಮೂರು ಸಾವಿರದಷ್ಟು ದಂಡು ಕೂಡಿಸಿ ಹೊರಟವರು ಅಧ್ಯಕ್ಷರಾಗಿದ್ದ ಅದೇ ವಾಷಿಂಗ್ಟನ್ನರು.

ಅಧಿಕಾರ ಬಿಟ್ಟ ಮೇಲೆ, 1797ರಲ್ಲಿ, ಸ್ಕಾಟ್ಲೆಂಡಿನಿಂದ ಬಂದ ತಮ್ಮ ಮೇಲ್ವಿಚಾರಕ ಜೇಮ್ಸ್ ಆ್ಯಂಡರ್ಸನ್ನರ ಮಾತು ಕೇಳಿ ಅವರೇ ಮೌಂಟ್ ವರ್ನನ್ನಿನಲ್ಲಿ ಬಟ್ಟಿಮನೆಯನ್ನು ತೆರೆದರು. 1799ರಲ್ಲಿ ಅಲ್ಲಿ ತಯಾರಾದ ವಿಸ್ಕಿ ಹನ್ನೊಂದು ಸಾವಿರ ಗ್ಯಾಲನ್ನಿಗೆ ಸಮೀಪ. ಅಲ್ಲಿ ಬೆಂಕಿಯ ಮುಂದೆ ದುಡಿದವರು ಹ್ಯಾನ್ಸನ್, ಪೀಟರ್, ನ್ಯಾಟ್, ಡೇನಿಯಲ್, ಜೇಮ್ಸ್ ಮತ್ತು ತಿಮೊಥಿ ಎಂಬ ಆರು ಮಂದಿ ಗುಲಾಮರು. ಅಮೆರಿಕದ ವಿಸ್ಕಿಯ ಚರಿತ್ರೆಯನ್ನು ಬರೆದವರು ಒಡೆಯರ ಹೆಸರುಗಳನ್ನು ಧಾರಾಳವಾಗಿ ಹೇಳುತ್ತಾರೆ. ಬೆಂಕಿಯೂದಿದವರ ಹೆಸರು ಸಿಕ್ಕುವುದು ಅಪರೂಪ. ಸಿಕ್ಕಿದ ಕಡೆಯಲ್ಲಾದರೂ ಹೇಳುವುದು ನ್ಯಾಯವೆಂದು ಇಲ್ಲಿ ಬರೆದಿದ್ದೇನೆ. ಇವರು ಮಾಡುತ್ತಿದ್ದುದು ಹೆಚ್ಚಾಗಿ ರೈ ಧಾನ್ಯದ ವಿಸ್ಕಿ. ಬೋರ್ಬನ್ನಿನ ಬೀಡು ಕೆಂಟಕಿ.

ಯುದ್ಧದಲ್ಲಿ ನೆರವಾದ ಫ್ರಾನ್ಸಿನ ರಾಜವಂಶದ ಮೇಲಣ ಕೃತಜ್ಞತೆಯಿಂದ, ಆಗ ಕೆಂಟಕಿಯನ್ನೂ ಆಳುತ್ತಿದ್ದ ವರ್ಜೀನಿಯ 1785ರಲ್ಲಿ ಅಲ್ಲಿಯ ಒಂದು ಜಿಲ್ಲೆಗೆ ಬೋರ್ಬನ್ ಎಂದು ಹೆಸರಿಟ್ಟಿತು. ಎಂಟು ವರ್ಷಗಳ ತರುವಾಯ ಆ ವಂಶದ ದೊರೆ ಹದಿನಾರನೆಯ ಲೂಯಿಯ ತಲೆಯೇ ಉರುಳಿತು. ಹೆಸರು ಮಾತ್ರ ಮದ್ಯದ ಪೀಪಾಯಿಯನ್ನೇರಿ ಬದುಕಿಕೊಂಡಿತು. ಜಿಲ್ಲೆಯಿಂದಲೇ ಮದ್ಯಕ್ಕೆ ಹೆಸರು ಬಂತೆಂದು ಹಲವರು, ಪೀಪಾಯಿಗಳು ಹೋಗಿ ಮುಟ್ಟುತ್ತಿದ್ದ ನ್ಯೂ ಆರ್ಲಿಯನ್ಸಿನ ಬೀದಿಯಿಂದ ಬಂತೆಂದು ಕೆಲವರು. ಎಲೈಜ ಕ್ರೇಗ್ ಎಂಬ ಪಾದ್ರಿ ಇದನ್ನು ಕಂಡುಹಿಡಿದರೆಂಬ ಕಥೆಯೂ ಉಂಟು. ಅದು ಬಹಳ ಕಾಲದ ಮೇಲೆ ಹುಟ್ಟಿದ್ದು, ಚರಿತ್ರಕಾರರು ನಂಬುವುದಿಲ್ಲ. ಒಂದು ಪದಾರ್ಥವನ್ನು ಒಂದು ಸೀಮೆಯೇ ನಿಧಾನವಾಗಿ ಕಲಿತಿತೆಂದರೆ ಜನಕ್ಕೆ ತೃಪ್ತಿಯಾಗುವುದಿಲ್ಲ. ಯಾರಾದರೊಬ್ಬ ಮೂಲಪುರುಷ ಬೇಕು. ನಮ್ಮ ಸಾಹಿತ್ಯಚರಿತ್ರೆಯಲ್ಲಿಯೂ ಈ ಚಪಲವಿದೆ.

ಹತ್ತೊಂಬತ್ತನೆಯ ಶತಮಾನದ ಮೊದಲ ದಶಕಗಳಲ್ಲಿ ಅಮೆರಿಕನ್ನರು ಕುಡಿದಷ್ಟು ಹಿಂದೆಂದೂ ಕುಡಿಯಲಿಲ್ಲ, ಮುಂದೆಯೂ ಕುಡಿಯಲಿಲ್ಲ. 1830ರಲ್ಲಿ ಹದಿನೈದು ವರ್ಷ ಮೀರಿದ ತಲೆಯೊಂದಕ್ಕೆ ವರ್ಷಕ್ಕೆ ಏಳು ಗ್ಯಾಲನ್ ಶುದ್ಧ ಮದ್ಯಸಾರ ಬೀಳುತ್ತಿತ್ತೆಂದು ಲೆಕ್ಕ ಹಾಕಿದ್ದಾರೆ; ಇಂದಿನದಕ್ಕೆ ಸುಮಾರು ಮೂರು ಪಟ್ಟು. ನೆರೆಯವರೆಲ್ಲ ಕೂಡಿ ಕೊಟ್ಟಿಗೆ ಎತ್ತುವಾಗ, ಜೋಳದ ತೆನೆ ಸುಲಿಯುವಾಗ, ಮದುವೆಯಲ್ಲಿ, ಸಾವಿನಲ್ಲಿ ಒಂದೇ ಜಾಡಿ ಕೈಯಿಂದ ಕೈಗೆ ಸುತ್ತುತ್ತಿತ್ತು. ಹೆಂಡತಿ ಮಕ್ಕಳ ಪಾಡನ್ನು ಕಂಡವರು 1826ರಲ್ಲಿ ಬಾಸ್ಟನ್ನಿನಲ್ಲಿ ಪಾನವಿರೋಧಿ ಸಂಘವನ್ನು ಕಟ್ಟಿದ್ದರಲ್ಲಿ ಆಶ್ಚರ್ಯವೇನೂ ಇಲ್ಲ.

ಆ ಜಾಡಿಯ ಮೇಲೆ ಹೆಸರಿನ ಚೀಟಿ ಇರಲಿಲ್ಲ. ಅಂಗಡಿಯವನು ಪೀಪಾಯಿಯಿಂದ ಬಗ್ಗಿಸಿ ಕೊಟ್ಟದ್ದೇ ವಿಸ್ಕಿ. ಒಮ್ಮೆಯಂತೆ ಇನ್ನೊಮ್ಮೆ ಇರುತ್ತಿರಲಿಲ್ಲ. ಸ್ಕಾಟ್ಲೆಂಡಿನಿಂದ ಬಂದ ಜೇಮ್ಸ್ ಕ್ರೋ ಎಂಬವರು 1830ರ ದಶಕದಿಂದ ಕೆಂಟಕಿಯಲ್ಲಿ ಎಲ್ಲವನ್ನೂ ಅಳೆದು ನೋಡಿ ಮಾಡುವ ಕ್ರಮವನ್ನು ತಂದರು. ಹಿಂದಿನ ಸಲ ಬಟ್ಟಿಯಿಳಿಸಿ ಉಳಿದ ಹುಳಿ ಗಂಜಿಯಲ್ಲಿ ಸ್ವಲ್ಪವನ್ನು ಹೊಸ ಗಂಜಿಗೆ ಬೆರೆಸುವ ಪದ್ಧತಿಯನ್ನು ಶಾಸ್ತ್ರಬದ್ಧವಾಗಿ ನಡೆಸಿದವರು ಅವರು. ನಮ್ಮ ಮನೆಗಳಲ್ಲಿ ಹೆಪ್ಪು ಹಾಕುವುದನ್ನು ನೆನೆಸಿಕೊಂಡರೆ ಇದರ ಮರ್ಮ ಸ್ವಲ್ಪ ಮಟ್ಟಿಗೆ ತಿಳಿದೀತು. ಒಳಗೋಡೆ ಸುಟ್ಟ ಓಕ್ ಪೀಪಾಯಿಯಲ್ಲಿ ವರ್ಷಗಟ್ಟಲೆ ಇಟ್ಟರೆ ನೀರಿನಂತಿದ್ದ ಸಾರ ಕೆಂಪಾಗಿ ಮೃದುವಾಗುತ್ತದೆಂಬುದೂ ಈ ವೇಳೆಗೆ ರೂಢಿಗೆ ಬಂದಿತ್ತು.

ಒಳ್ಳೆಯದಕ್ಕೆ ಬೆಲೆ ಬಂದೊಡನೆ ಕಳ್ಳಮಾಲೂ ಬಂತು. ವರ್ಷಗಟ್ಟಲೆ ಕಾಯುವ ತಾಳ್ಮೆಯಿಲ್ಲದ ದಲ್ಲಾಳಿಗಳು ಬರಿಯ ಮದ್ಯಸಾರಕ್ಕೆ ಸುಟ್ಟ ಸಕ್ಕರೆಯಿಂದ ಬಣ್ಣ ಕಟ್ಟಿ, ಒಣಹಣ್ಣಿನ ರಸ ಹಾಕಿ, ಹೊಗೆವಾಸನೆಗೆ ಕ್ರಿಯೋಸೋಟನ್ನೂ ಕೆಲವೊಮ್ಮೆ ಗಂಧಕಾಮ್ಲವನ್ನೂ ಬೆರೆಸಿ ಹಳೆಯ ಬೋರ್ಬನ್ ಎಂದು ಮಾರಿದರು. ಅತಿಥಿಗೆ ಬಡಿಸಿದ ಲೋಟದಲ್ಲಿ ಏನಿದೆಯೆಂದು ಬಡಿಸಿದವನಿಗೇ ತಿಳಿಯದ ಸ್ಥಿತಿ. 1870ರಲ್ಲಿ ಲೂಯಿವಿಲ್ಲಿನ ಜಾರ್ಜ್ ಗಾರ್ವಿನ್ ಬ್ರೌನ್ ಎಂಬವರು ತಮ್ಮ ಓಲ್ಡ್ ಫಾರೆಸ್ಟರನ್ನು ಮೊಹರು ಮಾಡಿದ ಸೀಸೆಯಲ್ಲಲ್ಲದೆ ಮಾರುವುದಿಲ್ಲವೆಂದು ಹೊರಟದ್ದು ಈ ಅಪನಂಬಿಕೆಗೆ ಉತ್ತರವಾಗಿ.

ಸರಿಯಾದ ಉತ್ತರ ಬಂದದ್ದು 1897ರ ಮಾರ್ಚ್ 3ರಂದು. ಅಧ್ಯಕ್ಷ ಗ್ರೋವರ್ ಕ್ಲೀವ್‌ಲೆಂಡರು ಅಧಿಕಾರದಿಂದಿಳಿಯುವ ಹಿಂದಿನ ದಿನ 'ಬಾಟಲ್ಡ್ ಇನ್ ಬಾಂಡ್' ಎಂಬ ಕಾಯಿದೆಗೆ ಅಂಕಿತ ಹಾಕಿದರು. ಒಂದೇ ಬಟ್ಟಿಮನೆಯಲ್ಲಿ, ಒಂದೇ ಋತುವಿನಲ್ಲಿ ತಯಾರಾದದ್ದು. ಸರ್ಕಾರದ ಬೀಗವಿರುವ ಉಗ್ರಾಣದಲ್ಲಿ ಕಡಮೆಯೆಂದರೆ ನಾಲ್ಕು ವರ್ಷ ಇಟ್ಟದ್ದು. ಸರಿಯಾಗಿ 100 ಪ್ರೂಫ್, ಅಂದರೆ ನೂರಕ್ಕೆ 50 ಪಾಲು ಮದ್ಯಸಾರ ಉಳ್ಳದ್ದು. ಇಷ್ಟಿದ್ದರೆ ಸೀಸೆಯ ಬಾಯಿಯ ಮೇಲೆ ಸರ್ಕಾರದ ಹಸಿರು ಪಟ್ಟಿ. ಕಾಯಿದೆಗಾಗಿ ಹೋರಾಡಿದ ಎಡ್ಮಂಡ್ ಟೇಲರ್ ತಾವೇ ದೊಡ್ಡ ಬಟ್ಟಿಮನೆಯ ಒಡೆಯರು. ಬೆಂಬಲಕ್ಕೆ ನಿಂತ ಹಣಕಾಸಿನ ಮಂತ್ರಿ ಜಾನ್ ಕಾರ್ಲೈಲ್ ಕೆಂಟಕಿಯವರು. ಸ್ವಾರ್ಥವಿರಲಿಲ್ಲವೆಂದು ಯಾರೂ ಹೇಳಲಾರರು. ಆದರೂ ತಿನ್ನುವ ಕುಡಿಯುವ ಪದಾರ್ಥಗಳ ಶುದ್ಧತೆಗೆಂದು ಆ ದೇಶ ಮಾಡಿದ ಸಾಮಾನ್ಯ ಕಾಯಿದೆ ಬಂದದ್ದು 1906ರಲ್ಲಿ. ಹಾಲು ಬೆಣ್ಣೆಗಳಿಗಿಂತ ಒಂಬತ್ತು ವರ್ಷ ಮೊದಲು ವಿಸ್ಕಿಯ ಮರ್ಯಾದೆಗೆ ರಕ್ಷಣೆ ದೊರೆಯಿತು!

1920ರಿಂದ 1933ರವರೆಗೆ ಪಾನನಿರೋಧ. ಆಗಲೂ ವೈದ್ಯರ ಚೀಟಿಯಿದ್ದರೆ ಹತ್ತು ದಿನಕ್ಕೊಂದು ಪಿಂಟ್ ವಿಸ್ಕಿ ಔಷಧವೆಂದು ಸಿಕ್ಕುತ್ತಿತ್ತು. ಹಾಗೆ ಸಿಕ್ಕಿದ್ದು ಹಸಿರು ಪಟ್ಟಿಯ ಸೀಸೆ. ಚೀಟಿಗೆ ಹಣವಿಲ್ಲದ ಬಡವರು ಕೈಗೆ ಬಂದದ್ದನ್ನು ಕುಡಿದರು. 1930ರಲ್ಲಿ ವಿಷ ಬೆರೆತ ಶುಂಠಿಯ ಔಷಧವನ್ನು ಮದ್ಯವೆಂದು ಸೇವಿಸಿ ಸಾವಿರಾರು ಮಂದಿಯ ಕಾಲುಗಳೇ ಬಿದ್ದುಹೋದವು. ಚೀಟಿಯ ಮೇಲಿನ ಮಾತು ನಿಜವಾಗಿರುವುದಕ್ಕೆ ಎಷ್ಟು ಬೆಲೆಯೆಂಬುದನ್ನು ಇದಕ್ಕಿಂತ ಕ್ರೂರವಾಗಿ ತಿಳಿಸುವುದು ಸಾಧ್ಯವಿಲ್ಲ.

ನಿಷೇಧ ಹೋದ ಮೇಲಿನ ಕಥೆಯನ್ನು ಬೇಗ ಮುಗಿಸಬಹುದು. ನೂರಕ್ಕೆ 51 ಪಾಲಿಗೆ ಕಡಮೆಯಿಲ್ಲದಂತೆ ಮುಸುಕಿನ ಜೋಳ, ಒಳಗು ಸುಟ್ಟ ಹೊಸ ಓಕಿನ ಪಾತ್ರೆ ಎಂಬ ನಿಯಮಗಳು ಗಟ್ಟಿಯಾದವು. 1964ರಲ್ಲಿ ಅಮೆರಿಕದ ಸಂಸತ್ತು ಬೋರ್ಬನ್ ತಮ್ಮ ದೇಶಕ್ಕೇ ವಿಶಿಷ್ಟವಾದ ಪದಾರ್ಥವೆಂದು ನಿರ್ಣಯ ಮಾಡಿತು. ಇದಕ್ಕೆ ಮುಂಚೆ, 1958ರಲ್ಲಿ, ಲೊರೆಟೊ ಎಂಬ ಸಣ್ಣ ಊರಿನಿಂದ ಮೇಕರ್ಸ್ ಮಾರ್ಕ್ ಎಂಬ ಬೋರ್ಬನ್ ಹೊರಬಿತ್ತು. ಜೋಳದ ಜೊತೆಗೆ ಕಾರವಾದ ರೈ ಹಾಕುವುದು ವಾಡಿಕೆ. ಬಿಲ್ ಸ್ಯಾಮ್ಯುಯೆಲ್ಸ್ ಅದನ್ನು ಬಿಟ್ಟು ಗೋದಿ ಹಾಕಿದರು. ನಾಲಗೆಗೆ ಚುರುಕು ತಗ್ಗಿತು, ಹೊಸಬರಿಗೂ ಹಿಡಿಸಿತು. ಹೆಸರಿಟ್ಟು, ಸೀಸೆಯ ರೂಪ ಗೊತ್ತುಮಾಡಿ, ಕತ್ತನ್ನು ಕೆಂಪು ಅರಗಿನಲ್ಲಿ ಅದ್ದಿದವರು ಅವರ ಪತ್ನಿ ಮಾರ್ಜಿ. ಅಂಗಡಿಯ ಗೋಡೆಯಲ್ಲಿ ಇಂದು ಯಾರ ಕಣ್ಣಾದರೂ ಮೊದಲು ಬೀಳುವುದು ಆ ಅರಗಿನ ಮೇಲೆಯೇ.

ಎರಡು ದಿನಗಳಾದ ಮೇಲೆ ವಿದ್ಯಾರ್ಥಿ ಮತ್ತೆ ಮಾತನಾಡಿಸಿದ. ಅಂಗಡಿಯವನು ಬಹಳ ಅಪರೂಪದ, ವಿಪರೀತ ಬೆಲೆಯ ಸೀಸೆಯೊಂದನ್ನು ತೋರಿಸಿದ್ದನಂತೆ. ಇಂಥವುಗಳ ಹುಚ್ಚು ಈಚೆಗೆ ಅಲ್ಲಿ ಎಷ್ಟು ಏರಿದೆಯೆಂದರೆ, 2013ರಲ್ಲಿ ಕೆಂಟಕಿಯ ಒಂದು ಉಗ್ರಾಣದಿಂದ ಪ್ಯಾಪಿ ವ್ಯಾನ್ ವಿಂಕಲ್ ಎಂಬ ಬೋರ್ಬನ್ನಿನ ಪೆಟ್ಟಿಗೆಗಳೇ ಕಳುವಾದುವು. "ಅದು ಬೇಡಪ್ಪ" ಎಂದೆ. "ಅಂಥದನ್ನು ಕೊಟ್ಟರೆ ಮನೆಯ ಯಜಮಾನ ಬೀರುವಿನಲ್ಲಿಟ್ಟು ಬೀಗ ಹಾಕುತ್ತಾನೆ, ಕೂಟಕ್ಕೆ ದಕ್ಕುವುದಿಲ್ಲ. ಕುಡಿದು ಪಳಗಿದವರು ಹೆಚ್ಚಿದ್ದರೆ 'ಬಾಂಡ್' ಎಂದು ಬರೆದ ಸಾಧಾರಣ ಬೆಲೆಯದೊಂದನ್ನು ನೋಡು. ಹಸಿರು ಪಟ್ಟಿ 1980ರ ದಶಕದಲ್ಲಿ ಹೋಯಿತಂತೆ, ಕಾಯಿದೆ ಹೋಗಿಲ್ಲ. ನೀರು, ಮಂಜುಗಡ್ಡೆ, ಶರಬತ್ತು ಏನು ಬೆರೆಸಿದರೂ ಅದರ ರುಚಿ ಸೋಲುವುದಿಲ್ಲವೆಂದು ಬಲ್ಲವರು ಬರೆದಿದ್ದಾರೆ. ಹೊಸಬರು ಹೆಚ್ಚಿದ್ದರೆ ಗೋದಿಯದು." "ಸಾರ್, ನೀವು ಯಾವಾಗ ಶುರು ಮಾಡಿದಿರಿ?" ಎಂದು ನಕ್ಕ.

ಬಾಂಡಿನದನ್ನೇ ಒಯ್ದನಂತೆ. ಯಜಮಾನರು ಚೀಟಿಯನ್ನು ಓದಿ, ತಲೆದೂಗಿ, ಅಲ್ಲಿಯೇ ಬಿರಡೆ ತೆಗೆದರಂತೆ. ರಾತ್ರಿಯ ಹೊತ್ತಿಗೆ ತಳದಲ್ಲಿ ನಾಲ್ಕು ಬೆರಳಿನಷ್ಟು ಉಳಿದಿತ್ತು. ಅದನ್ನು ಮನೆಯಾಕೆ ಮರುದಿನ ಪೆಕನ್ ಬೀಜದ ಸಿಹಿ ಕಡುಬಿಗೆ ಹಾಕಿ, ಸೋಮವಾರ ಕಚೇರಿಗೆ ಅವನ ಪಾಲಿನದೊಂದು ತುಂಡನ್ನು ಗಂಡನ ಕೈಯಲ್ಲಿ ಕಳುಹಿಸಿದರಂತೆ. ತಿಂದೆಯಾ ಎಂದು ನಾನು ಕೇಳಲಿಲ್ಲ.