ಸುಭಿಕ್ಷವೂ ಅತಿಪೂರೈಕೆಯೂ

ಹುಮನಾಬಾದಿನಿಂದ ಜಹೀರಾಬಾದಿಗೆ ಹೋಗುವ ಹೆದ್ದಾರಿಯ ಮೇಲಿರುವ ಮನ್ನಾಏಖೇಳ್ಳಿಯ ಸುತ್ತಣ ಸೀಮೆಯಲ್ಲಿ ತೊಗರಿ, ಉದ್ದು, ಹೆಸರುಗಳು ಮುಖ್ಯವಾದ ಬೆಳೆಗಳು. ಫಸಲು ಮಿಕ್ಕಿ ಬಂದ ವರ್ಷ ಇಲ್ಲಿಯ ರೈತನು 'ಸುಗ್ಗಿ ಚೆನ್ನಾಯಿತು' ಎನ್ನುವನು. ಅದೇ ಧಾನ್ಯವು ಪೇಟೆಯನ್ನು ಮುಟ್ಟಿದೊಡನೆ ವ್ಯಾಪಾರಿಯು 'ಆವಕ ಹೆಚ್ಚಾಯಿತು, ಧಾರಣೆ ಬಿತ್ತು' ಎನ್ನುವನು. ವೃತ್ತಪತ್ರಿಕೆಗಳು ಇದನ್ನೇ 'ಅತಿಪೂರೈಕೆ' ಎಂದು ಬರೆಯುವುವು. ರಾಶಿಯು ಒಂದೇ, ನೋಡುವವರು ಬೇರೆ ಬೇರೆ.

ಸಂಸ್ಕೃತದ 'ಸುಭಿಕ್ಷ' ಶಬ್ದವು ಉಣ್ಣುವವನ ಕಡೆಯಿಂದ ಹುಟ್ಟಿದುದು; ಭಿಕ್ಷೆಯು ಸುಲಭವಾಗಿ ದೊರೆಯುವ ಕಾಲವೆಂದು ಅದರ ಅರ್ಥ. ಮಾರುವವನ ಕಷ್ಟಕ್ಕೆ ಅದರಲ್ಲಿ ಎಡೆಯಿಲ್ಲ. ಆ ಕಷ್ಟವನ್ನು ಗುರುತಿಸಿದವನು ಕೌಟಿಲ್ಯ. 1909ರಲ್ಲಿ ಮೈಸೂರಿನ ಆರ್. ಶಾಮಶಾಸ್ತ್ರಿಗಳು ಪ್ರಕಟಪಡಿಸಿದ ಅರ್ಥಶಾಸ್ತ್ರದಲ್ಲಿ 'ಪಣ್ಯಬಾಹುಳ್ಯ'ವೆಂಬ ಮಾತು ಬರುತ್ತದೆ. ಸರಕು ಅಧಿಕವಾದಾಗ ಪಣ್ಯಾಧ್ಯಕ್ಷನು ಎಲ್ಲವನ್ನೂ ಒಂದೇ ಮುಖವಾಗಿ ಮಾರಿಸಬೇಕು. ಅದು ತೀರುವವರೆಗೆ ಇತರರು ಮಾರತಕ್ಕದ್ದಲ್ಲ ಎಂದು ಅಲ್ಲಿಯ ವಿಧಿ. ಇಲ್ಲಿ ಬಾಹುಳ್ಯವೆಂಬುದು ಬೆಳೆದವನ ಅಪರಾಧವಲ್ಲ, ಅರಸನು ನಿರ್ವಹಿಸಬೇಕಾದ ಕಾರ್ಯ. ಇನ್ನೊಂದು ಸ್ವಾರಸ್ಯವುಂಟು: ಬೆಲೆಯೆಂಬರ್ಥದ 'ಅರ್ಘ'ವೇ ಕನ್ನಡದ 'ಅಗ್ಗ'ಕ್ಕೆ ಮೂಲವೆಂದು ಎಣಿಸುವುದುಂಟು. ಹಾಗಿದ್ದಲ್ಲಿ, ಬೆಲೆಯನ್ನು ಹೇಳುತ್ತಿದ್ದ ಪದವು ಬೆಲೆ ಕುಸಿದುದನ್ನು ಹೇಳುವಂತಾಯಿತು.

ಆದರೆ ಧಾರಣೆ ಬಿದ್ದಲ್ಲೆಲ್ಲ ಬಾಹುಳ್ಯವೇ ಕಾರಣವೆಂದು ತಿಳಿಯಲಾಗದು. ಇದಕ್ಕೆ ಪ್ರಮಾಣವು ಮನ್ನಾಏಖೇಳ್ಳಿಗೆ ದೂರವಲ್ಲದ ಕಲ್ಯಾಣದಲ್ಲಿಯೇ, ಎಂದರೆ ಇಂದಿನ ಬಸವಕಲ್ಯಾಣದಲ್ಲಿಯೇ ಇದೆ. ಆರನೆಯ ವಿಕ್ರಮಾದಿತ್ಯನ ಆಳಿಕೆಯಲ್ಲಿ (1076–1126) ವಿಜ್ಞಾನೇಶ್ವರನು ಅಲ್ಲಿ ಯಾಜ್ಞವಲ್ಕ್ಯಸ್ಮೃತಿಗೆ ಮಿತಾಕ್ಷರಾ ಎಂಬ ವ್ಯಾಖ್ಯಾನವನ್ನು ರಚಿಸಿದನು. ವಣಿಜರು ಕೂಡಿಕೊಂಡು, ದೇಶಾಂತರದಿಂದ ಬಂದ ಸರಕನ್ನು ಹೀನಮೌಲ್ಯಕ್ಕೆ ಪಡೆಯುವ ಆಸೆಯಿಂದ ತಡೆದುನಿಲ್ಲಿಸಿದರೆ ಅವರಿಗೆ ಉತ್ತಮಸಾಹಸವೆಂಬ ಅಧಿಕ ದಂಡವೆಂದು ಅವನು ವಿವರಿಸಿದ್ದಾನೆ. ಮಾರುವವರು ಬಹುಮಂದಿ, ಕೊಳ್ಳುವವರು ಒಗ್ಗಟ್ಟಾದ ಕೆಲವರು ಎಂದಾದಲ್ಲಿ, ಅಲ್ಪವಾದ ಸರಕೂ ಅಧಿಕವೆಂದು ತೋರುವುದು. ಕಲ್ಯಾಣದ ಪೇಟೆಯನ್ನು ಕಂಡವನಿಗೆ ಈ ಮರ್ಮವು ತಿಳಿದಿದ್ದರೆ ಆಶ್ಚರ್ಯವೇನು?

ಇತ್ತೀಚಿನ ತೊಗರಿಯ ಕಥೆಯನ್ನು ಈ ಬೆಳಕಿನಲ್ಲಿಯೇ ನೋಡತಕ್ಕದ್ದು. ಮಳೆ ಕೈಕೊಟ್ಟ 2015ರಲ್ಲಿ ತೊಗರಿಬೇಳೆಯು ಕಿಲೋಗ್ರಾಮಿಗೆ 200 ರೂಪಾಯಿಗಳನ್ನು ಮುಟ್ಟಿತು. ಆ ಧಾರಣೆಯನ್ನು ನೆಚ್ಚಿ ರೈತರು ಮರುವರ್ಷ ಹೆಚ್ಚಾಗಿ ಬಿತ್ತಿದರು, ಮಳೆಯೂ ಒದಗಿತು. ದೇಶದ ಉತ್ಪತ್ತಿಯು ಸುಮಾರು 25.6 ಲಕ್ಷ ಟನ್ನುಗಳಿಂದ 2016–17ರಲ್ಲಿ 48.7 ಲಕ್ಷ ಟನ್ನುಗಳಿಗೆ ಏರಿತು. ಕ್ವಿಂಟಲಿಗೆ 5,050 ರೂಪಾಯಿಗಳೆಂದು ಸರ್ಕಾರವು ನಿಗದಿಮಾಡಿದ ಬೆಂಬಲಬೆಲೆಗಿಂತ ಪೇಟೆಯ ಧಾರಣೆಯು ಕೆಳಗಿಳಿಯಿತು. ಅತಿಪೂರೈಕೆಯಾಯಿತೆಂದು ಎಲ್ಲರೂ ಹೇಳಿದರು.

ಹೇಳಿದುದು ಸುಳ್ಳಲ್ಲ, ಅರ್ಧಮಾತ್ರ. ಬೇಳೆಕಾಳುಗಳ ರಫ್ತನ್ನು 2006ರಿಂದಲೇ ನಿಷೇಧಿಸಲಾಗಿತ್ತು. 2016ರ ಜುಲೈಯಲ್ಲಿ ಮೊಜಾಂಬಿಕ್ ದೇಶದಿಂದ ಐದು ವರ್ಷಗಳ ಕಾಲ ಬೇಳೆಕಾಳುಗಳನ್ನು ತರಿಸುವ ಒಪ್ಪಂದವಾಗಿತ್ತು. ಹೊರಗೆ ಹೋಗುವ ಬಾಗಿಲು ಮುಚ್ಚಿ, ಒಳಗೆ ಬರುವ ಬಾಗಿಲು ತೆರೆದಿದ್ದ ಕಣಜದಲ್ಲಿ ಧಾನ್ಯವು ಉಕ್ಕಿದರೆ, ಅದನ್ನು ಬಿತ್ತಿದವನ ತಲೆಗೆ ಕಟ್ಟುವುದು ಯಾವ ನ್ಯಾಯ? ಖರೀದಿಕೇಂದ್ರಗಳನ್ನು ತೆರೆದುದು ಕೌಟಿಲ್ಯನ ಮಾರ್ಗವೇ ಸರಿ. ಆದರೆ ಅವನು ಉಳಿದ ಸರಕನ್ನು ತಡೆದಿದ್ದನೆಂಬುದು ಯಾರಿಗೂ ನೆನಪಾಗಲಿಲ್ಲ.

2017ರ ಆಗಸ್ಟಿನಲ್ಲಿ ತೊಗರಿಯ ಆಮದಿಗೆ ವರ್ಷಕ್ಕೆ 2 ಲಕ್ಷ ಟನ್ನುಗಳ ಮಿತಿಯನ್ನು ವಿಧಿಸಲಾಯಿತು. ಸೆಪ್ಟೆಂಬರಿನಲ್ಲಿ ತೊಗರಿ, ಉದ್ದು, ಹೆಸರುಗಳ ರಫ್ತಿಗೆ ಅನುಮತಿ ದೊರೆಯಿತು. ಹಿಂದಿನ ಸುಗ್ಗಿಯ ಕಾಳು ಅಷ್ಟರಲ್ಲಿ ಬಹುಮಟ್ಟಿಗೆ ರೈತರ ಕೈಬಿಟ್ಟುಹೋಗಿ, ಹೊಲಗಳಲ್ಲಿ ಮುಂದಿನ ಪೈರು ನಿಂತಿದ್ದಿತು.