ಕಂಚಿಯಿಂದ ಬರ್ಮಿಂಗ್‌ಹ್ಯಾಮ್‌ಗೆ: ಒಬ್ಬ ಬಿಷಪರ ವಾಪಸಾತಿ

ಕಳೆದ ವರ್ಷ ಆಫೀಸಿನ ಕ್ಯಾಂಟೀನಿನಲ್ಲಿ ನನ್ನ ಟೀಮಿನ ಹುಡುಗನೊಬ್ಬ ಕೇಳಿದ: "ಸಾರ್, ಪ್ರತಿ ಭಾನುವಾರ ಚರ್ಚಿಗೆ ಹೋಗ್ತೀರಲ್ಲ, ಅದನ್ನೆಲ್ಲ ನಿಜವಾಗ್ಲೂ ನಂಬ್ತೀರಾ?" ಪ್ರಶ್ನೆಯಲ್ಲಿ ವ್ಯಂಗ್ಯವಿರಲಿಲ್ಲ. ನಾನು ಮಾತ್ರ ಕೈಯಲ್ಲಿದ್ದ ಕಾಫಿ ಲೋಟ ನೋಡುತ್ತ, "ಚಿಕ್ಕಂದಿನಿಂದ ಬಂದ ಅಭ್ಯಾಸ ಕಣಪ್ಪ, ಅಷ್ಟೇ" ಎಂದು ಮಾತನ್ನು ಮರುದಿನದ ರಿಲೀಸ್ ಕಡೆಗೆ ತಿರುಗಿಸಿದೆ.

ಅದು ಸುಳ್ಳು. ಮೈಸೂರಿನ ಸಿ.ಎಸ್.ಐ. ಮನೆತನದಲ್ಲಿ ಹುಟ್ಟಿ, ಹದಿನೆಂಟು ವರ್ಷಗಳಿಂದ ಚೆನ್ನೈನಲ್ಲಿರುವ ನಾನು ನಂಬುತ್ತೇನೆ. ಆದರೆ ನಂಬುತ್ತೇನೆ ಎಂದು ಹೇಳಿದರೆ ಮತಾಂತರಕ್ಕೆ ಬಲೆ ಬೀಸುವವನಂತೆ ಕಂಡೇನೆಂಬ ಅಳುಕು. ಅಭ್ಯಾಸ ಎಂದುಬಿಟ್ಟರೆ ಎಲ್ಲರಿಗೂ ಸಮಾಧಾನ.

ಆ ರಾತ್ರಿ ನೆನಪಾದದ್ದು ಅಜ್ಜ ಗೌರವದಿಂದ ಹೇಳುತ್ತಿದ್ದ ಒಂದು ಹೆಸರು: ಲೆಸ್ಲಿ ನ್ಯೂಬಿಗಿನ್. ಮದ್ರಾಸಿನ ಬಿಷಪರಾಗಿದ್ದವರು. ನಂಬಿಕೆಯನ್ನು ಬಾಯಿಬಿಟ್ಟು ಹೇಳಲು ನಾಚಿಕೆಯಾಗುವ ಕಾಲದಲ್ಲಿ ಅದನ್ನು ಬದುಕುವುದು, ಹಂಚಿಕೊಳ್ಳುವುದು ಹೇಗೆ ಎಂಬ ಪ್ರಶ್ನೆಯ ಹಿಂದೆ ಬಿದ್ದವರು. ವಿಚಿತ್ರವೆಂದರೆ, ಆ ಪ್ರಶ್ನೆ ಅವರನ್ನು ಗಟ್ಟಿಯಾಗಿ ಹಿಡಿದದ್ದು ಭಾರತದಲ್ಲಲ್ಲ, ನಿವೃತ್ತರಾಗಿ ಹಿಂದಿರುಗಿದ ಅವರದೇ ಇಂಗ್ಲೆಂಡಿನಲ್ಲಿ.

ನ್ಯೂಬಿಗಿನ್ ಹುಟ್ಟಿದ್ದು 1909ರಲ್ಲಿ, ನ್ಯೂಕ್ಯಾಸಲ್‌ನಲ್ಲಿ. ಕೇಂಬ್ರಿಡ್ಜ್‌ನಲ್ಲಿ ಓದಿ, ಸ್ಕಾಟ್ಲೆಂಡ್ ಚರ್ಚಿನ ಮಿಷನರಿಯಾಗಿ 1936ರಲ್ಲಿ ಮದ್ರಾಸಿಗೆ ಬಂದರು. ಬಂದ ಕೆಲವೇ ಸಮಯದಲ್ಲಿ ಬಸ್ ಅಪಘಾತದಲ್ಲಿ ಕಾಲು ಮುರಿದು, ಚಿಕಿತ್ಸೆಗೆಂದು ವಾಪಸು ಹೋಗಬೇಕಾಯಿತು. 1939ರಲ್ಲಿ ಮತ್ತೆ ಬಂದು ಕಂಚೀಪುರದಲ್ಲಿ ನೆಲೆಸಿದರು. ತಮಿಳನ್ನು ಚೆನ್ನಾಗಿ ಕಲಿತರು.

ಕಂಚಿಯಲ್ಲಿ ಅವರಿಗೊಂದು ರೂಢಿಯಿತ್ತು. ವಾರಕ್ಕೊಂದು ಸಂಜೆ ರಾಮಕೃಷ್ಣ ಮಿಷನ್ನಿನ ಮಠಕ್ಕೆ ಹೋಗಿ, ಸಾಧುಗಳ ಜೊತೆ ನೆಲದ ಮೇಲೆ ಕುಳಿತು ಓದುವುದು. ಒಮ್ಮೆ ಶ್ವೇತಾಶ್ವತರ ಉಪನಿಷತ್ತು, ಇನ್ನೊಮ್ಮೆ ಯೋಹಾನನ ಸುವಾರ್ತೆ. ಆ ಮಠದ ಸಭಾಂಗಣದಲ್ಲಿ ಲೋಕದ ಧರ್ಮಗುರುಗಳ ಚಿತ್ರಗಳ ಸಾಲಿನಲ್ಲಿ ಏಸುವಿನ ಚಿತ್ರವೂ ಇತ್ತು. ಕ್ರಿಸ್‌ಮಸ್ ದಿನ ಅದಕ್ಕೆ ಪೂಜೆ ಸಲ್ಲುತ್ತಿತ್ತು. ತರುಣ ಮಿಷನರಿಗೆ ಇದು ಕ್ರೈಸ್ತ ನಂಬಿಕೆಯತ್ತ ಇಟ್ಟ ಹೆಜ್ಜೆ ಎಂದು ಅನಿಸಲಿಲ್ಲ. ಹಿಂದೂ ಲೋಕದೃಷ್ಟಿ ಏಸುವನ್ನು ತನ್ನ ಚೌಕಟ್ಟಿಗೆ ಸೇರಿಸಿಕೊಂಡಿದೆ ಎಂದು ಅನಿಸಿತು. ತನ್ನ ಕ್ರೈಸ್ತಧರ್ಮವೂ ಹಾಗೆಯೇ ಇದೆ, ತಾನೂ ಏಸುವನ್ನು ಯೂರೋಪಿನ ಆಧುನಿಕ ಲೋಕದೃಷ್ಟಿಯ ಗೋಡೆಗೆ ಮೊಳೆ ಹೊಡೆದು ತೂಗುಹಾಕಿದ್ದೇನೆ ಎಂಬುದು ಅವರಿಗೆ ಹೊಳೆದದ್ದು ನಿಧಾನವಾಗಿ. ಮುಂದೆ ಅವರು ಬರೆದದ್ದೆಲ್ಲ ಇದೇ ಅರಿವಿನಿಂದ ಹೊರಟದ್ದು ಎಂದು ನನಗನಿಸುತ್ತದೆ. ನಮ್ಮ ಕನ್ನಡಕ ನಮಗೆ ಕಾಣಬೇಕಾದರೆ ಇನ್ನೊಬ್ಬರ ಮನೆಯಲ್ಲಿ ಕೂರಬೇಕು. ಪರಊರಿನಲ್ಲಿರುವ ನಮಗೆ ಇದನ್ನು ವಿವರಿಸಬೇಕಾಗಿಲ್ಲ.

1947ರ ಸೆಪ್ಟೆಂಬರ್ 27ರಂದು ಮದ್ರಾಸಿನ ಸೇಂಟ್ ಜಾರ್ಜ್ ಕ್ಯಾಥೆಡ್ರಲ್‌ನಲ್ಲಿ ಆಂಗ್ಲಿಕನ್, ಮೆಥಡಿಸ್ಟ್, ಪ್ರೆಸ್ಬಿಟೇರಿಯನ್, ಕಾಂಗ್ರೆಗೇಷನಲ್ ಸಭೆಗಳು ಒಂದಾಗಿ ದಕ್ಷಿಣ ಭಾರತ ಸಭೆ ಹುಟ್ಟಿತು. ನಮ್ಮ ಮೈಸೂರು ಕೂಡ ಅದರ ಮೊದಲ ಡಯಾಸಿಸ್‌ಗಳಲ್ಲಿ ಒಂದು. ಆ ದಿನ ದೀಕ್ಷೆ ಪಡೆದ ಬಿಷಪರಲ್ಲಿ 37 ವರ್ಷದ ನ್ಯೂಬಿಗಿನ್ ಒಬ್ಬರು. ಮದುರೆ ಮತ್ತು ರಾಮನಾಡು ಅವರ ಪಾಲಿಗೆ ಬಂತು. ನಡುವೆ ಕೆಲವು ವರ್ಷ ಅಂತರರಾಷ್ಟ್ರೀಯ ಚರ್ಚ್ ಸಂಸ್ಥೆಗಳಲ್ಲಿ ದುಡಿದು, 1965ರಲ್ಲಿ ಮದ್ರಾಸಿನ ಬಿಷಪರಾಗಿ ಮರಳಿದರು.

ಎಲ್ಲರೂ ಅವರ ಮಾತಿಗೆ ತಲೆದೂಗಿದರೆಂದಲ್ಲ. ಬೆಂಗಳೂರಿನ ಕ್ರೈಸ್ತ ಅಧ್ಯಯನ ಸಂಸ್ಥೆಯಲ್ಲಿದ್ದ ಚಿಂತಕ ಎಂ. ಎಂ. ಥಾಮಸ್ ಜೊತೆ 1970ರ ದಶಕದ ಆರಂಭದಲ್ಲಿ ದೊಡ್ಡ ವಾಗ್ವಾದವೇ ನಡೆಯಿತು. ಕ್ರಿಸ್ತನನ್ನು ಅನುಸರಿಸುವವನು ತನ್ನ ಹಿಂದೂ ಸಮುದಾಯದ ಒಳಗೇ ಉಳಿಯಬಾರದೇಕೆ ಎಂಬುದು ಥಾಮಸ್ ಎತ್ತಿದ ಪ್ರಶ್ನೆ. ಕಣ್ಣಿಗೆ ಕಾಣುವ ಸಮುದಾಯವಿಲ್ಲದೆ ನಂಬಿಕೆ ಬರೀ ಮನಸ್ಸಿನೊಳಗಿನ ವಿಚಾರವಾಗುತ್ತದೆ ಎಂಬುದು ನ್ಯೂಬಿಗಿನ್ ನಿಲುವು. ಈ ಜಗಳ ಇಂದಿಗೂ ಮುಗಿದಿಲ್ಲ. ಬಲ್ಲವರಿಬ್ಬರು ಪರಸ್ಪರ ಗೌರವದಿಂದ ಭಿನ್ನಾಭಿಪ್ರಾಯ ಬರೆದುಕೊಂಡದ್ದೇ ನನಗೆ ಇಷ್ಟವಾದ ಸಂಗತಿ.

1974ರಲ್ಲಿ ನಿವೃತ್ತಿ. ವಿಮಾನ ಹತ್ತಬಹುದಿತ್ತು. ಬದಲಿಗೆ ನ್ಯೂಬಿಗಿನ್ ಮತ್ತು ಪತ್ನಿ ಹೆಲೆನ್ ಎರಡು ಸೂಟ್‌ಕೇಸು, ಒಂದು ಬೆನ್ನುಚೀಲ ಹಿಡಿದು ಬಸ್ಸುಗಳಲ್ಲಿ ಹೊರಟರು. ಪಾಕಿಸ್ತಾನ, ಅಫ್ಘಾನಿಸ್ತಾನ, ಇರಾನ್, ಟರ್ಕಿ. ಭಾನುವಾರ ಬಂದಾಗೆಲ್ಲ ಜೊತೆಗೆ ಪ್ರಾರ್ಥಿಸಲು ಯಾರಾದರೂ ಸಿಗುತ್ತಿದ್ದರು. ಸಿಗದಿದ್ದದ್ದು ಕಪ್ಪದೋಕಿಯದಲ್ಲಿ. 4ನೇ ಶತಮಾನದಲ್ಲಿ ಕ್ರೈಸ್ತ ಚಿಂತನೆಯ ತವರಾಗಿದ್ದ ನಾಡು ಅದು. ಅಲ್ಲಿ ಗಂಡ ಹೆಂಡತಿ ಇಬ್ಬರೇ ಆರಾಧನೆ ಮಾಡಿಕೊಂಡರು. ನಂಬಿಕೆ ಒಂದು ನೆಲದಿಂದ ಪೂರ್ತಿ ಅಳಿಸಿಹೋಗಬಲ್ಲದು ಎಂಬುದನ್ನು ಕಣ್ಣಾರೆ ಕಂಡು ಅವರು ಊರು ಮುಟ್ಟಿದರು.

ಊರು ಬದಲಾಗಿತ್ತು. ಭಾರತದಿಂದ ಬಂದ ಮೇಲೆ ಅತಿ ಕಷ್ಟವೆನಿಸಿದ್ದು ಯಾವುದು ಎಂದು ಜನ ಕೇಳಿದರೆ, ಇಲ್ಲಿ ಭರವಸೆಯೇ ಕಾಣುತ್ತಿಲ್ಲ ಎನ್ನುತ್ತಿದ್ದರು. ಮದ್ರಾಸಿನ ಕೊಳೆಗೇರಿಯಲ್ಲಿ ಕಂಡ ನಾಳೆಯ ನಿರೀಕ್ಷೆ ಬರ್ಮಿಂಗ್‌ಹ್ಯಾಮ್‌ನ ಅನುಕೂಲಸ್ಥ ಮನೆಗಳಲ್ಲಿ ಕಾಣಲಿಲ್ಲ. 1980ರಲ್ಲಿ, ಜನ ವಿಶ್ರಾಂತಿ ಪಡೆಯುವ 70ರ ವಯಸ್ಸಿನಲ್ಲಿ, ಜೈಲಿನ ಎದುರಿಗಿದ್ದ ವಿನ್ಸನ್ ಗ್ರೀನ್ ಎಂಬ ಬಡ ಬಡಾವಣೆಯ ಪುಟ್ಟ ಚರ್ಚಿನ ಹೊಣೆ ಹೊತ್ತರು. ಅದನ್ನು ಮುಚ್ಚುವ ಪ್ರಸ್ತಾಪವಿತ್ತು. ಇಂಥ ಕಡೆ ಬಿಟ್ಟು ಅನುಕೂಲದ ಬಡಾವಣೆಗೆ ಓಡುವ ಚರ್ಚು ಮಿಷನ್ ಬಗ್ಗೆ ಮಾತಾಡಬಾರದು ಎಂದು ವಾದಿಸಿದವರು ತಾವೇ ಆದ್ದರಿಂದ, ತಾವೇ ಹೋದರು. ಪಂಜಾಬಿ ಮೂಲದ ಸಹೋದ್ಯೋಗಿಯ ಜೊತೆ ಮನೆಮನೆಗೆ ಹೋದರೆ, ಏಷ್ಯಾದ ವಲಸಿಗರ ಮನೆಗಳಲ್ಲಿ ಒಳಗೆ ಕರೆಯುತ್ತಿದ್ದರು. ಸ್ಥಳೀಯ ಬಿಳಿಯರ ಮನೆಗಳಲ್ಲಿ ಬಾಗಿಲು ಮುಖದ ಮೇಲೇ ಮುಚ್ಚುತ್ತಿತ್ತು. ಭಾರತದಲ್ಲಿ ಎದುರಾದ ವಿರೋಧಕ್ಕಿಂತ ಈ ತಣ್ಣನೆಯ ತಾತ್ಸಾರವೇ ಕಠಿಣ ಎಂದು ಅವರಿಗನಿಸಿತು.

ಇಷ್ಟರಲ್ಲಿ ಈ ತಾತ್ಸಾರಕ್ಕೊಂದು ಹೆಸರು ಚಲಾವಣೆಗೆ ಬಂದಿತ್ತು. 1979ರಲ್ಲಿ ಫ್ರಾನ್ಸಿನ ಲಿಯೋತಾರ್, ಎಲ್ಲವನ್ನೂ ವಿವರಿಸುತ್ತೇವೆನ್ನುವ ಮಹಾಕಥನಗಳ ಮೇಲಿನ ಅಪನಂಬಿಕೆಯನ್ನೇ ಆಧುನಿಕೋತ್ತರ ಸ್ಥಿತಿ ಎಂದು ಕರೆದ. ನಮ್ಮ ಕಸುಬಿನವರಿಗೆ ಸ್ವಾರಸ್ಯದ ಸಂಗತಿ: ಆ ಪುಸ್ತಕ, ಕಂಪ್ಯೂಟರೀಕರಣಗೊಂಡ ಸಮಾಜಗಳಲ್ಲಿ ಜ್ಞಾನದ ಗತಿ ಏನು ಎಂದು ಕೆನಡಾದ ಕ್ಯೂಬೆಕ್ ಸರ್ಕಾರದ ಮಂಡಳಿಗೆ ಬರೆದ ವರದಿ.

ನ್ಯೂಬಿಗಿನ್ ಈ ಅಪನಂಬಿಕೆಗೆ ಹೆದರಲಿಲ್ಲ. 1966ರಲ್ಲಿ ಸೆಕ್ಯುಲರೀಕರಣದ ಬಗ್ಗೆ ಸಾಕಷ್ಟು ಆಶಾವಾದದಿಂದ ಬರೆದಿದ್ದವರು, 1983ರ 'ದಿ ಅದರ್ ಸೈಡ್ ಆಫ್ 1984' ಎಂಬ ಪುಟ್ಟ ಪುಸ್ತಕದ ಹೊತ್ತಿಗೆ ನಿಲುವು ಬದಲಿಸಿದ್ದರು. ವಿಜ್ಞಾನವೆಂದರೆ ಎಲ್ಲರಿಗೂ ಸಲ್ಲುವ ಸತ್ಯ, ಧರ್ಮವೆಂದರೆ ಅವರವರ ಖಾಸಗಿ ಅಭಿರುಚಿ ಎಂಬ ವಿಭಜನೆಯೇ ಪ್ರಶ್ನಾರ್ಹ ಎಂದರು. ಇದಕ್ಕೆ ಅವರಿಗೆ ನೆರವಾದವರು ರಸಾಯನ ವಿಜ್ಞಾನಿಯೂ ಆಗಿದ್ದ ಮೈಕೆಲ್ ಪೊಲಾನಿ: ಯಾವ ಅರಿವೂ ಏನನ್ನೋ ನಂಬಿಯೇ ಶುರುವಾಗುತ್ತದೆ. ನಾನೂ ಕಂಪೈಲರನ್ನು ಪರೀಕ್ಷಿಸಿ ಕೋಡ್ ಬರೆಯಲು ಕೂರುವುದಿಲ್ಲ. ನಂಬಿ ಕೂರುತ್ತೇನೆ, ತಪ್ಪಾದಾಗ ತಿದ್ದಿಕೊಳ್ಳುತ್ತೇನೆ.

ಗ್ಲಾಸ್ಗೋ ವಿಶ್ವವಿದ್ಯಾಲಯದಲ್ಲಿ 1988ರಲ್ಲಿ ಕೊಟ್ಟ ಉಪನ್ಯಾಸಗಳಿಂದ ಬೆಳೆದ 'ದಿ ಗಾಸ್ಪೆಲ್ ಇನ್ ಎ ಪ್ಲೂರಲಿಸ್ಟ್ ಸೊಸೈಟಿ'ಯಲ್ಲಿ ನಮ್ಮ ಅಂಧಗಜ ನ್ಯಾಯ ಬರುತ್ತದೆ. ಕುರುಡರು ಆನೆಯನ್ನು ಮುಟ್ಟಿ ಒಬ್ಬೊಬ್ಬರು ಒಂದೊಂದು ಹೇಳಿದ ಕಥೆಯನ್ನು ನಾವು ವಿನಯದ ಪಾಠವಾಗಿ ಹೇಳುತ್ತೇವೆ. ಆದರೆ ಕಥೆ ಹೇಳುವವನಿಗೆ ಇಡೀ ಆನೆ ಕಾಣುತ್ತಿದೆಯಲ್ಲ, ಅವನೆಂಥ ವಿನಯವಂತ ಎಂದು ನ್ಯೂಬಿಗಿನ್ ಕೇಳುತ್ತಾರೆ. ಎಲ್ಲರೂ ಎಲ್ಲೋ ಒಂದು ಕಡೆ ನಿಂತೇ ನೋಡುವುದು. ಹಾಗಿರುವಾಗ ನಾನು ನಿಂತ ಜಾಗವನ್ನು ಮುಚ್ಚಿಡುವುದಕ್ಕಿಂತ ಹೇಳಿಬಿಡುವುದೇ ಪ್ರಾಮಾಣಿಕ. ಹೇಳಿದವನು ಇನ್ನೊಬ್ಬನ ಜಾಗದ ಮಾತನ್ನೂ ಕೇಳಬೇಕು, ತಾನು ತಪ್ಪಿರಬಹುದೆಂಬ ಅಪಾಯವನ್ನೂ ಹೊರಬೇಕು.

ಇಂಥ ಕಾಲದಲ್ಲಿ ಯಾರಾದರೂ ಏಕೆ ನಂಬಬೇಕು? ವಾದದಿಂದ ಅಲ್ಲ, ಅಧಿಕಾರದಿಂದಂತೂ ಅಲ್ಲವೇ ಅಲ್ಲ ಎಂಬುದು ಅವರ ಉತ್ತರ. ಸುವಾರ್ತೆಗೆ ಇರುವ ನಿಜವಾದ ಭಾಷ್ಯವೆಂದರೆ ಅದನ್ನು ನಂಬಿ ಬದುಕುವ ಒಂದು ಸಾಮಾನ್ಯ ಸಭೆ. ಈ ಅಳತೆಗೋಲು ನಮಗೇ ತಿರುಗುಬಾಣ. ದಕ್ಷಿಣ ಭಾರತದ ಚರ್ಚುಗಳಲ್ಲಿ ಜಾತಿ ಇನ್ನೂ ಜೀವಂತ. ಮದುವೆಯಲ್ಲಿ, ಸಭೆಯ ಚುನಾವಣೆಯಲ್ಲಿ, ಕೆಲವೆಡೆ ಸ್ಮಶಾನದಲ್ಲೂ. ಬದುಕೇ ಭಾಷ್ಯವಾದರೆ, ನಮ್ಮ ಭಾಷ್ಯದಲ್ಲಿ ಎಷ್ಟೊಂದು ತಪ್ಪುಗಳಿವೆ! ಯೂರೋಪಿನ ಜ್ಞಾನೋದಯವನ್ನು ಅವರು ಒಂದೇ ಬಣ್ಣದಲ್ಲಿ ಬಳಿದರು ಎಂಬ ಟೀಕೆಯೂ ಇದೆ, ಅದರಲ್ಲಿ ಹುರುಳೂ ಇದೆ. ಆ ಜ್ಞಾನೋದಯ ಕೊಟ್ಟ ಸಮಾನತೆಯ ಮಾತು ನಮ್ಮಲ್ಲಿ ಎಷ್ಟೋ ಜನರಿಗೆ ಊರುಗೋಲಾಗಿದೆ.

ನ್ಯೂಬಿಗಿನ್ 1998ರ ಜನವರಿಯಲ್ಲಿ ತೀರಿಕೊಂಡರು.

ಕೆಲವು ವಾರಗಳ ನಂತರ ಆ ಹುಡುಗನನ್ನು ಕ್ಯಾಂಟೀನಿನಲ್ಲಿ ಹಿಡಿದು ಹೇಳಿದೆ: "ಅವತ್ತು ಕೇಳಿದೆಯಲ್ಲ, ನಿಜ ಹೇಳಲಿಲ್ಲ. ನಂಬುತ್ತೇನೆ. ಏಕೆಂದು ಪೂರ್ತಿ ಹೇಳಲು ಬರುವುದಿಲ್ಲ, ಕೇಳಿದರೆ ಪ್ರಯತ್ನಿಸುತ್ತೇನೆ." ಅವನು ನಕ್ಕ. ಆಮೇಲೆ ತಾನು ಕಳೆದ ವರ್ಷ ತೀರಿಹೋದ ತಂದೆಯ ಶ್ರಾದ್ಧವನ್ನು ನಂಬದೆಯೇ ಮಾಡಿದ್ದು, ಮಾಡುವಾಗ ಅತ್ತದ್ದು, ಏಕೆ ಅತ್ತೆನೆಂದು ಇನ್ನೂ ಗೊತ್ತಾಗದಿರುವುದು, ಎಲ್ಲವನ್ನೂ ಹೇಳತೊಡಗಿದ. ಎರಡೂವರೆಗೆ ಇದ್ದ ಮೀಟಿಂಗನ್ನು ಮೂರಕ್ಕೆ ಹಾಕಿ ನಾನು ಕೇಳುತ್ತ ಕುಳಿತೆ.